ತಕ್ಕ ಶಿಕ್ಷೆ ಯಾರಿಗೆ?

ಸಕಲೇಶಪುರ, ಆಲೂರು ಕಡೆ ಆನೆ ತುಳಿದು ಒಬ್ಬರು ಸತ್ತರೆ ರಸ್ತೆ ತಡೆ ಆಗುತ್ತದೆ. ಹೆಣ ಮುಂದಿಟ್ಟುಕೊಂಡು ಊರಿನವರು ಕೂರುತ್ತಾರೆ. ಅರಣ್ಯಾಧಿಕಾರಿಗಳು ಬರುತ್ತಾರೆ, ಪೊಲೀಸರು ಬರುತ್ತಾರೆ. ಜನ ಕೇಳುವುದು ಎರಡೇ: ಪರಿಹಾರ ಕೊಡಿ, ಆ ಆನೆಯನ್ನು ಹಿಡಿಯಿರಿ. ಮೊದಲನೆಯದು ಸರಳ. ಎರಡನೆಯದರಲ್ಲಿ ಇನ್ನೊಂದು ಜೀವ ಹೋಗಬಾರದೆಂಬ ಭಯವಿದೆ. ಕೊಂದದ್ದಕ್ಕೆ ತಕ್ಕ ಶಿಕ್ಷೆ ಆಗಲೇಬೇಕೆಂಬ ಹಟವೂ ಇದೆ. ಭಯದ ಬಗ್ಗೆ ಸಭೆಗಳು ಬೇಕಾದಷ್ಟು ಆಗಿವೆ. ಹಟದ ಬಗ್ಗೆ ನಾವು ಕೂತು ಮಾತಾಡಿದ್ದು ಕಡಿಮೆ.

ಆ ಮಾತನ್ನು ಇಲ್ಲಿ ಇಬ್ಬರ ಬಾಯಲ್ಲಿ ಇಟ್ಟಿದ್ದೇನೆ. ಒಬ್ಬರು ಅರವತ್ತು ದಾಟಿದ ಸಣ್ಣ ಬೆಳೆಗಾರ. ನಾಲ್ಕೆಕರೆ ಕಾಫಿ, ಕೆಳಗೆ ಒಂದಿಷ್ಟು ಗದ್ದೆ. ಇನ್ನೊಬ್ಬಳು ಅವರ ತಮ್ಮನ ಮಗಳು, ಹಾಸನದಲ್ಲಿ ವಕೀಲೆ. ಹಣ್ಣು ಕುಯ್ಲಿನ ಕಾಲ. ಕಣದಲ್ಲಿ ಕಾಫಿ ಹರಡಿ ಇಬ್ಬರೂ ಜಗಲಿಯ ಮೇಲೆ ಕೂತಿದ್ದಾರೆ. ಇಬ್ಬರ ಮಾತಿನಲ್ಲೂ ನಾನು ನಂಬುವ ಸಂಗತಿಗಳಿವೆ.

ಹಿರಿಯರು: ಎಂಟು ದಿನ ಆಯ್ತು ಕಣಮ್ಮ, ಹಣ್ಣು ಕುಯ್ಯೋಕೆ ಹೊರಟಿದ್ದ ಹೆಂಗಸನ್ನ ತುಳಿದು. ಆ ಸಲಗ ಇವತ್ತೂ ಪಕ್ಕದ ತೋಟದಲ್ಲೇ ಬೈನೆ ಮರ ಸೀಳಿಕೊಂಡು ತಿಂತಾ ನಿಂತಿದೆ. ಮನುಷ್ಯ ಹಂಗೆ ಮಾಡಿದ್ರೆ ಅವತ್ತೇ ಸಂಜೆಗೆ ಲಾಕಪ್ಪಲ್ಲಿ ಇರ್ತಿದ್ದ.

ಯುವತಿ: ಹಿಡೀಬೇಡಿ ಅಂತ ನಾನು ಹೇಳೋದಿಲ್ಲ ದೊಡ್ಡಪ್ಪ. ಜನರ ಮೇಲೆ ಮತ್ತೆ ಮತ್ತೆ ಬೀಳೋ ಆನೆನ ಇಲ್ಲಿಂದ ಸಾಗಿಸಲೇಬೇಕು. ಆದ್ರೆ ಅದನ್ನ ಶಿಕ್ಷೆ ಅಂತ ಯಾಕೆ ಕರೀತೀರಿ? ಶಿಕ್ಷೆ ಕೊಡೋದು ತಪ್ಪು ಮಾಡಿದವರಿಗೆ. ಅದೂ ಮಾಡ್ತಿರೋದು ತಪ್ಪು ಅಂತ ತಿಳಿದೂ ಮಾಡಿದವರಿಗೆ. ಅದೂ ಆ ತಪ್ಪು ಎಷ್ಟೋ ಅಷ್ಟೇ. ಆನೆ ವಿಷಯದಲ್ಲಿ ಇದರಲ್ಲಿ ಯಾವುದು ಹೊಂದುತ್ತೆ?

ಹಿರಿಯರು: ಏನಂತಾದ್ರೂ ಕರಿ. ಆನೆಗೆ ಆಗೋದೇನು ಅಂತ ನೀನು ನೋಡಿದೀಯಾ? ನಾನು ನೋಡಿದೀನಿ. ದೂರದಿಂದ ಅರಿವಳಿಕೆ ಮದ್ದಿನ ಸೂಜಿ ಹೊಡೀತಾರೆ. ಸ್ವಲ್ಪ ಹೊತ್ತಿಗೆ ಸೊಂಡಿಲು ಇಳಿಬಿಟ್ಟು ನಿಂತಲ್ಲೇ ತೂಗಾಡೋಕೆ ಶುರು ಮಾಡುತ್ತೆ. ಆಗ ಸಾಕಾನೆಗಳು ಎರಡೂ ಪಕ್ಕದಿಂದ ಒತ್ತಿ ನಿಲ್ತಾವೆ. ಮಾವುತರು, ಕಾವಾಡಿಗಳು ಬಗ್ಗಿ ಕಾಲಿಗೆ, ಕುತ್ತಿಗೆಗೆ ಹಗ್ಗ ಬಿಗೀತಾರೆ. ಮತ್ತೆ ಎಚ್ಚರ ಬರೋ ಮದ್ದು ಕೊಟ್ಟು, ಮುಂದಿನವು ಎಳೆದು, ಹಿಂದಿನದು ಹಣೆ ಕೊಟ್ಟು ನೂಕಿ, ಕ್ರೇನಿನ ಬೆಲ್ಟ್ ಹೊಟ್ಟೆಗೆ ಹಾಕಿ ಲಾರಿಗೆ ಏರಿಸ್ತಾರೆ. ಆಮೇಲೆ ಕ್ಯಾಂಪಲ್ಲಿ ದಪ್ಪ ದಿಮ್ಮಿ ಜೋಡಿಸಿದ ಕ್ರಾಲ್. ತಿರುಗಿ ನಿಲ್ಲೋಕೂ ಜಾಗ ಸಾಲದು. ಅದರೊಳಗೆ ಎಷ್ಟೋ ದಿನ ಇಟ್ಟು, ಒಮ್ಮೆ ಕೋಲು, ಒಮ್ಮೆ ಬೆಲ್ಲ ತೋರಿಸಿ ಮಾತು ಕೇಳೋ ಹಾಗೆ ಮಾಡ್ತಾರೆ. ಹೊರಗೆ ಬಂದ ಮೇಲೂ ಕಾಲಿಗೆ ಸರಪಳಿ. ಇದು ಶಿಕ್ಷೆ ಅಲ್ದೆ ಮತ್ತೇನು? ಜೀವಾವಧಿ ಅಲ್ವಾ?

ಯುವತಿ: ಅನುಭವಿಸೋ ಆನೆಗೆ ಜೀವಾವಧಿನೇ. ಅದಕ್ಕೇ ನನಗೆ ಸಂಕಟ. ಕಾನೂನು ಅದನ್ನ ಶಿಕ್ಷೆ ಅಂತ ಎಲ್ಲೂ ಹೇಳೋದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 11ನೇ ಕಲಂ ಇದೆ. ಆನೆ 1977ರಿಂದ ಮೊದಲ ಅನುಸೂಚಿಯ ಪ್ರಾಣಿ. ಅಂಥದ್ದನ್ನ ಮುಟ್ಟಬೇಕಾದ್ರೆ ಅದು ಮನುಷ್ಯನ ಜೀವಕ್ಕೆ ಅಪಾಯ ಆಗಿದೆ ಅಂತ, ಇಲ್ಲಾ ವಾಸಿ ಆಗದಷ್ಟು ಅಂಗ ಊನವೋ ರೋಗವೋ ಆಗಿದೆ ಅಂತ ಮುಖ್ಯ ವನ್ಯಜೀವಿ ಪಾಲಕರಿಗೆ ಖಾತ್ರಿ ಆಗಬೇಕು. ಕಾರಣ ಬರೆದು ಆದೇಶ ಕೊಡಬೇಕು. ಹಿಡಿಯೋಕೆ, ಮದ್ದು ಹೊಡೆಯೋಕೆ, ಬೇರೆ ಕಡೆ ಬಿಡೋಕೆ ಸಾಧ್ಯವೇ ಇಲ್ಲ ಅಂತ ಆದಾಗ ಮಾತ್ರ ಕೊಲ್ಲೋ ಮಾತು. ಹಿಡಿದದ್ದನ್ನ ಮತ್ತೆ ಕಾಡಿಗೆ ಬಿಡೋಕೆ ಆಗೋದಿದ್ರೆ ಸೆರೆಯಲ್ಲಿ ಇಟ್ಟುಕೊಳ್ಳೋ ಹಾಗೂ ಇಲ್ಲ. ಇಡೀ ಕಲಂ ಓದಿ, ಅಪಾಯ ಅನ್ನೋ ಮಾತಿದೆ, ಅಪರಾಧ ಅನ್ನೋ ಮಾತಿಲ್ಲ.

ಹಿರಿಯರು: ಆನೆಗೆ ತಿಳಿಯೋದಿಲ್ಲ ಅಂತ ನೀನು ಹೇಗೆ ಹೇಳ್ತೀಯ? ಪಟಾಕಿ ಹೊಡೆದವನ ಮನೆ ಗುರುತು ಇಟ್ಟುಕೊಳ್ಳುತ್ತೆ. ಸೋಲಾರ್ ಬೇಲಿಗೆ ಒಣಮರ ಕೆಡವಿ ದಾಟುತ್ತೆ. ಇಲಾಖೆ ಜೀಪಿನ ಸದ್ದು ಬೇರೆ, ಹಾಲಿನ ಗಾಡಿ ಸದ್ದು ಬೇರೆ ಅಂತ ಅದಕ್ಕೆ ಗೊತ್ತು. ಇಷ್ಟು ಬುದ್ಧಿ ಇರೋದಕ್ಕೆ, ಕೊಂದೆ ಅನ್ನೋದು ಗೊತ್ತಾಗೋದಿಲ್ವಾ?

ಯುವತಿ: ಬುದ್ಧಿ ಇದೆ, ನಾನು ಇಲ್ಲ ಅನ್ನೋದಿಲ್ಲ. ಕೆನ್ಯಾದ ಅಂಬೋಸೆಲಿಯ ಆನೆಗಳು ತಮ್ಮನ್ನ ಈಟಿಯಿಂದ ತಿವಿಯೋ ಮಸಾಯ್ ಗಂಡಸರ ದನಿನ ಬೇರೆಯವರ ದನಿಯಿಂದ ಬೇರೆ ಮಾಡಿ ಗುರುತಿಸ್ತಾವೆ ಅಂತ 2014ರಲ್ಲಿ ತೋರಿಸಿದ್ರು. ಆದ್ರೆ ಅದು ಅಪಾಯ ತಿಳಿಯೋ ಬುದ್ಧಿ. ತಪ್ಪು ತಿಳಿಯೋ ಬುದ್ಧಿ ಬೇರೆ. ನಮ್ಮ ಕಾನೂನಲ್ಲಿ ಏಳು ವರ್ಷದೊಳಗಿನ ಮಗು ಏನು ಮಾಡಿದ್ರೂ ಅಪರಾಧ ಅಲ್ಲ. ಹಳೇ ದಂಡ ಸಂಹಿತೆಯಲ್ಲೂ ಹಾಗೇ ಇತ್ತು, ಈಗಿನ ನ್ಯಾಯ ಸಂಹಿತೆಯಲ್ಲೂ ಹಾಗೇ ಇದೆ. ಮಗು ದಡ್ಡ ಅಂತಲ್ಲ. ಸರಿ ತಪ್ಪಿನ ವಿವೇಚನೆ ಇನ್ನೂ ಬಂದಿರೋದಿಲ್ಲ ಅಂತ.

ಹಿರಿಯರು: ನಿನ್ನಂಥವರ ವಾದದಲ್ಲಿ ನನಗೆ ಒಂದು ಅರ್ಥ ಆಗೋದಿಲ್ಲ. ಆನೆಗೆ ಮನಸ್ಸಿದೆ, ದುಃಖ ಇದೆ, ಸತ್ತ ಮರಿನ ದಿನಗಟ್ಟಲೆ ಬಿಟ್ಟು ಹೋಗೋದಿಲ್ಲ, ಅದಕ್ಕೂ ಹಕ್ಕಿದೆ ಅಂತೀರಿ. ಒಪ್ಪಿದೆ. ಹಕ್ಕು ಕೇಳೋವಾಗ ಮನುಷ್ಯನ ಸಮ, ಹೊಣೆ ಬಂದಾಗ ಮಗುವಿನ ಸಮವಾ?

ಯುವತಿ: ಈ ಪ್ರಶ್ನೆ ಕೋರ್ಟಿಗೂ ಹೋಗಿದೆ ದೊಡ್ಡಪ್ಪ. ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಹ್ಯಾಪಿ ಅನ್ನೋ ಏಷ್ಯಾದ ಆನೆ. ಕನ್ನಡಿಯಲ್ಲಿ ಕಾಣೋದು ತಾನೇ ಅಂತ ಆನೆಗೆ ತಿಳಿಯುತ್ತೆ ಅಂತ ಮೊದಲು ತೋರಿಸಿದ್ದು ಅದೇ. 2006ರಲ್ಲಿ ಆ ಪ್ರಯೋಗ ಪ್ರಕಟ ಆಯ್ತು. ಆ ಆನೆನ ಬಂಧನದಿಂದ ಬಿಡಿಸಿ ಅಂತ ಮನುಷ್ಯರ ಪರವಾಗಿ ಹಾಕೋ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದ್ರು. 2022ರಲ್ಲಿ ಆ ರಾಜ್ಯದ ಅತಿ ದೊಡ್ಡ ಕೋರ್ಟು, ಏಳು ಜನ ನ್ಯಾಯಾಧೀಶರು ಕೂತು, 5–2 ಬಹುಮತದಲ್ಲಿ ಅರ್ಜಿ ತಳ್ಳಿಹಾಕಿತು. ನೀವು ಈಗ ಕೇಳಿದ ತರ್ಕವೇ ಅಲ್ಲೂ ಬಂತು, ಕರ್ತವ್ಯ ಹೊರಲಾರದ ಜೀವಕ್ಕೆ ಈ ಹಕ್ಕು ಹೇಗೆ ಅಂತ. ನನ್ನ ಉತ್ತರ ಇಷ್ಟೇ: ನೋವಾಗುತ್ತೆ ಅನ್ನೋದು ಸಾಕು, ನೋಯಿಸಬಾರದು ಅನ್ನೋಕೆ. ಹೊಣೆ ಹೊರಿಸೋಕೆ ಅದು ಸಾಲದು. ಹಾಲು ಕುಡಿಯೋ ಕೂಸಿಗೂ ಬದುಕೋ ಹಕ್ಕಿದೆ.

ಹಿರಿಯರು: ಉತ್ತರ ಚೆನ್ನಾಗಿದೆ. ಪೂರ್ತಿ ಒಪ್ಪಿಗೆ ಇಲ್ಲ.

ಯುವತಿ: ಪ್ರಾಣಿಗೂ ತಕ್ಕ ಶಿಕ್ಷೆ ಅಂತ ಹೊರಟವರು ಎಲ್ಲಿಗೆ ಮುಟ್ಟಿದ್ರು ಅನ್ನೋದೂ ಗೊತ್ತಿರಲಿ. 1386ರಲ್ಲಿ ಫ್ರಾನ್ಸಿನ ಫಲೇಸ್ ಅನ್ನೋ ಊರಲ್ಲಿ ಒಂದು ಹಂದಿ ಕೂಸನ್ನ ಕೊಂದಿತ್ತು. ವಿಚಾರಣೆ ಮಾಡಿ, ಹಂದಿಗೆ ಮನುಷ್ಯರ ಬಟ್ಟೆ ತೊಡಿಸಿ, ಊರಿನ ಚೌಕದಲ್ಲಿ ಕೊಂದ್ರು. ಹಳೇ ಕಾಲದ ಮೌಢ್ಯ ಅಂತ ಬಿಡೋಣ ಅಂದ್ರೆ, 1916ರ ಸೆಪ್ಟೆಂಬರ್ 13ರಂದು ಅಮೆರಿಕದ ಟೆನೆಸಿಯ ಎರ್ವಿನ್ ಊರಲ್ಲಿ ಮೇರಿ ಅನ್ನೋ ಸರ್ಕಸ್ ಆನೆನ ರೈಲಿನ ಕ್ರೇನಿಗೆ ನೇತು ಹಾಕಿದ್ರು. ಹಿಂದಿನ ದಿನ ಅದು ತನ್ನ ಸವಾರನನ್ನ ಕೊಂದಿತ್ತು. ಮೊದಲನೇ ಸರಪಳಿ ಹರಿದು ಆನೆ ಕೆಳಕ್ಕೆ ಬಿತ್ತು. ಇನ್ನೊಂದು ತಂದು ಮತ್ತೆ ಎತ್ತಿದ್ರು. ನೋಡೋಕೆ ಊರಿಗೆ ಊರೇ ಸೇರಿತ್ತು.

ಹಿರಿಯರು: ಶಿವನೇ... ಆ ಥರ ಯಾರೂ ಕೇಳ್ತಾ ಇಲ್ಲಮ್ಮ. ಇಲ್ಲಿ ಆನೆ ಸತ್ತರೆ ಅರಿಶಿನ ಕುಂಕುಮ ಹಚ್ಚಿ, ಹೂವು ಹಾಕಿ ಕೈ ಮುಗಿಯೋ ಜನ ನಾವು. ಗದ್ದೆ ತುಳಿದು ಹಾಳು ಮಾಡಿದ ಆನೆಗೂ ಕೈ ಮುಗಿದಿದ್ದಾರೆ. ಕೊಲ್ಲಿ ಅನ್ನೋದಿಲ್ಲ. ಲೆಕ್ಕ ಆಗಲಿ ಅಂತೀನಿ. ಸತ್ತವಳ ಗಂಡ ನನ್ನ ಮುಂದೆ ಕೂತು, ಯಾರನ್ನ ಕೇಳಲಿ ಅಂದ. ಯಾರ ತಪ್ಪೂ ಅಲ್ಲಪ್ಪ, ಆನೆಗೆ ತಿಳಿಯೋದಿಲ್ಲ, ಕಾನೂನಲ್ಲಿ ಆ ಮಾತಿಲ್ಲ ಅಂತ ಹೇಳಲಾ?

ಈ ಮಾತಿಗೆ ಅವಳು ಕೂಡಲೇ ಉತ್ತರ ಕೊಡುವುದಿಲ್ಲ. ಕೊಡಲಾರಳು ಎಂದೇ ನನಗನ್ನಿಸುತ್ತದೆ. ಸತ್ತವರ ಮನೆಯವರು ಕೇಳುವುದು ತರ್ಕವನ್ನಲ್ಲ, ಎದುರಿಗೆ ನಿಂತು ಹೌದು ನನ್ನಿಂದ ಆಯಿತು ಎನ್ನುವ ಒಬ್ಬರನ್ನು. ಆನೆ ಹಾಗೆ ನಿಲ್ಲಲಾರದು. ನಿಲ್ಲಬಲ್ಲವರು ಯಾರೂ ನಿಲ್ಲುವುದಿಲ್ಲ.

ಯುವತಿ: ಅವನಿಗೆ ಏನು ಹೇಳಬೇಕೋ ನನಗೂ ಗೊತ್ತಿಲ್ಲ. ಆದ್ರೆ ಆನೆ ಮೇಲೆ ಹೊರಿಸೋ ತೀರ್ಪು ನಮ್ಮ ಜಿಲ್ಲೆಯಲ್ಲೇ ಹೇಗೆ ಕೈಕೊಡುತ್ತೆ ಅಂತ ಹೇಳ್ತೀನಿ. 2023ರ ಆಗಸ್ಟ್ 31. ಆಲೂರು ತಾಲ್ಲೂಕಿನ ಹಳ್ಳಿಯೂರು. ಭೀಮ ಅನ್ನೋ ಸಲಗಕ್ಕೆ ಗಾಯ ಆಗಿತ್ತು. ಚಿಕಿತ್ಸೆ ಕೊಡೋಕೆ ಅಂತ ಇಲಾಖೆ ತಂಡ ಹೋಗಿತ್ತು. ಮದ್ದು ಹೊಡೆದ ಅನುಭವಿ ಶಾರ್ಪ್‌ಶೂಟರ್ ಮೇಲೇ ಅದು ತಿರುಗಿ ಬಿತ್ತು, ಅವರು ಉಳೀಲಿಲ್ಲ. ಬದುಕೆಲ್ಲ ಆನೆಗಳ ಕೆಲಸ ಮಾಡಿದ ಮನುಷ್ಯ. ಗಾಯದ ನೋವಲ್ಲಿ, ಸೂಜಿ ಚುಚ್ಚಿದ ಗಾಬರಿಯಲ್ಲಿ ಇದ್ದ ಆನೆಗೆ, ಬಂದವನು ವೈದ್ಯನ ಕಡೆಯವನು ಅಂತ ಹೇಗೆ ತಿಳೀಬೇಕು? ಅದಕ್ಕೆ ಯಾವ ಶಿಕ್ಷೆ ತಕ್ಕದ್ದು, ಹೇಳಿ.

ಹಿರಿಯರು: ಭೀಮನ ಮೇಲೆ ಇಲ್ಲಿ ಯಾರಿಗೂ ಹಗೆ ಇಲ್ಲ. ರಸ್ತೆ ದಾಟೋವಾಗ ಗಾಡಿ ನಿಲ್ಲಿಸಿ ಫೋಟೋ ತೆಗೀತಾರೆ.

ಯುವತಿ: ಹಾಗಾದ್ರೆ ನಮ್ಮ ಸಿಟ್ಟು ಮಾಡಿದ ಕೆಲಸದ ಮೇಲೆ ಅಲ್ಲ, ಆನೆ ನಮಗೆ ಎಷ್ಟು ಪರಿಚಯ ಅನ್ನೋದರ ಮೇಲೆ ಹೋಗ್ತಾ ಇದೆ. ಮೈಸೂರು ದಸರೆಯ ಆನೆ ಅರ್ಜುನನನ್ನೇ ನೋಡಿ. ದಸರೆಗೆ ಬಂದಿದ್ದಾಗ 1996ರಲ್ಲಿ ಒಬ್ಬ ಮಾವುತ ಅವನ ಕಾಲಿಗೆ ಸಿಕ್ಕಿ ಸತ್ತ ಅನ್ನೋ ಆರೋಪ ಬಂತು. ಕೆಲವು ವರ್ಷ ದೂರ ಇಟ್ಟರು. ಅದೇ ಅರ್ಜುನ 2012ರಿಂದ 2019ರವರೆಗೆ ಎಂಟು ಸಲ ಚಿನ್ನದ ಅಂಬಾರಿ ಹೊತ್ತ. ಕೊಂದದ್ದಕ್ಕೆ ಶಿಕ್ಷೆ ತಕ್ಕದ್ದು ಅನ್ನೋದಾದ್ರೆ ಅಂಬಾರಿ ಹೇಗೆ ತಕ್ಕದ್ದಾಯ್ತು?

ಹಿರಿಯರು: ನೀನು ಅದನ್ನ ಉಲ್ಟಾ ಓದ್ತಾ ಇದೀಯ. ನನ್ನ ಮಾತಿಗೇ ಅದು ಸಾಕ್ಷಿ. 1968ರಲ್ಲಿ ಕಾಕನಕೋಟೆ ಖೆಡ್ಡಾದಲ್ಲಿ ಹಿಡಿದ ಕಾಡಾನೆ ಅದು. ಹಿಡಿದ್ರು, ಕಲಿಸಿದ್ರು, ಒಂದು ಕೆಟ್ಟ ಘಟನೆ ಆಯ್ತು, ದೂರ ಇಟ್ಟರು, ಮತ್ತೆ ತಿದ್ದಿದ್ರು. ತಿದ್ದೋದೇ ಶಿಕ್ಷೆ. ತಿದ್ದಿದ ಮೇಲೆ ಗೌರವ. ಜೈಲಿಂದ ಬಂದ ಮನುಷ್ಯನಿಗೆ ನಾವು ಅಷ್ಟೂ ಮಾಡೋದಿಲ್ಲ.

ಯುವತಿ: ಅಂಥವನ ಕೊನೆ ಎಲ್ಲಿ ಆಯ್ತು? ನಿಮ್ಮ ತಾಲ್ಲೂಕಲ್ಲೇ. 2023ರ ಡಿಸೆಂಬರ್ 4, ಯಸಳೂರು ವಲಯದ ದಬ್ಬಳ್ಳಿಕಟ್ಟೆ. ಕಾಡಾನೆ ಹಿಡಿಯೋ ಕಾರ್ಯಾಚರಣೆ. ಅರವತ್ತು ದಾಟಿದ ಆನೆನ ಮದ ಬಂದಿದ್ದ ಸಲಗದ ಎದುರು ನಿಲ್ಲಿಸಿದ್ರು. ಹೋರಾಡಿ ಅಲ್ಲೇ ಸತ್ತ. ಈಗ ಅಲ್ಲಿ ಸ್ಮಾರಕ ಇದೆ. ಕೊಂದ ಕಾಡಾನೆ ಅಪರಾಧಿನಾ? ಅರ್ಜುನ ಏನು ತಪ್ಪು ಮಾಡಿದ್ದ? ನಾವು ಕೇಳಿದ ಶಿಕ್ಷೆನ ಜಾರಿ ಮಾಡೋಕೆ ಹೋಗಿ ಸತ್ತ.

ಹಿರಿಯರು: ಅವತ್ತು ಮನೆಯವರೇ ಹೋದಷ್ಟು ದುಃಖ ಆಗಿತ್ತು. ಅಂಬಾರಿ ಹೊತ್ತವನು ಬಂದು ನಮ್ಮ ಕಾಡಲ್ಲಿ ಮಣ್ಣಾದ. ಆದ್ರೂ ಒಂದು ಹೇಳ್ತೀನಿ. ಆ ಕಾರ್ಯಾಚರಣೆ ಸುಮ್ಮನೆ ನಡೆದದ್ದಲ್ಲ. ಜನ ಸತ್ತಿದ್ರು. ಕಾಫಿ ಗಿಡ ಆಳೆತ್ತರ, ಐದು ಮಾರು ಆಚೆ ಆನೆ ನಿಂತಿದ್ರೂ ಕಾಣೋದಿಲ್ಲ, ಸದ್ದೂ ಇರೋದಿಲ್ಲ. ಬೆಳಿಗ್ಗೆ ಮಂಜು ಬೇರೆ. ಲೈನ್ ಮನೆಯಿಂದ ಹೊರಟ ಹೆಂಗಸರು ಊಟದ ಬುತ್ತಿ ಹಿಡಿದು ಕಾಲುದಾರೀಲಿ ಒಬ್ಬರ ಹಿಂದೆ ಒಬ್ಬರು ಬರ್ತಾರೆ. ಮುಂದೆ ಇದ್ದವಳ ಪಾಡು ಯೋಚನೆ ಮಾಡು. 2014ರಲ್ಲಿ ಹಿಡಿದ ಹಾಗೆ ಒಟ್ಟಿಗೆ ಹಿಡಿದು ಸಾಗಿಸಲಿ ಅಂತ ಕೇಳೋದು ಅದಕ್ಕೇ.

ಯುವತಿ: 2014ರದ್ದು ಹೇಳಿದ್ರಲ್ಲ, ಅದು ಶಿಕ್ಷೆಯ ಲೆಕ್ಕವೇ ಅಲ್ಲ. ಹೈಕೋರ್ಟಿನ ಸೂಚನೆ ಮೇಲೆ ಪ್ರೊ. ರಾಮನ್ ಸುಕುಮಾರ್ ಅಧ್ಯಕ್ಷತೆಯ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ರಾಜ್ಯವನ್ನ ಮೂರು ವಲಯ ಮಾಡಿತು: ಆನೆ ಉಳಿಸೋ ವಲಯ, ಜನ ಆನೆ ಎರಡೂ ಇರೋ ವಲಯ, ಆನೆ ತೆಗೆಯೋ ವಲಯ. ಆಲೂರು ಕಡೆಯದು ತೆಗೆಯೋ ವಲಯಕ್ಕೆ ಬಂತು. ಕಾಡು ತುಂಡು ತುಂಡಾಗಿದೆ, ಇಲ್ಲಿ ಆನೆ ಬಾಳೋಕೆ ನೆಲೆ ಉಳಿದಿಲ್ಲ ಅನ್ನೋ ಕಾರಣಕ್ಕೆ. ಕೋರ್ಟು 2013ರಲ್ಲಿ ಆದೇಶ ಮಾಡಿ, 2014ರಲ್ಲಿ 20ಕ್ಕೂ ಹೆಚ್ಚು ಆನೆ ಹಿಡಿದ್ರು. ಅದರಲ್ಲಿ ಕೊಂದದ್ದು ಯಾವುದು, ಕೊಲ್ಲದ್ದು ಯಾವುದು ಅಂತ ಯಾರೂ ಬೇರೆ ಮಾಡ್ಲಿಲ್ಲ. ಮಾಡೋ ಅಗತ್ಯವೂ ಆ ವರದಿಗೆ ಇರ್ಲಿಲ್ಲ. ಜಾಗ ಖಾಲಿ ಆಗಬೇಕಿತ್ತು. ಆಯ್ತಾ?

ಹಿರಿಯರು: ಸ್ವಲ್ಪ ಕಾಲ ನಿರಾಳ ಇತ್ತು. ಆಮೇಲೆ ಬೇರೆ ಹಿಂಡು ಬಂದವು. ಈಗ ಬೀಟಮ್ಮನ ಗುಂಪು, ಭುವನೇಶ್ವರಿ ಗುಂಪು ಅಂತ ಹೆಸರಿಟ್ಟು ಕರೀತೀವಿ.

ಯುವತಿ: ಶ್ರೀಲಂಕಾದಲ್ಲಿ ಪೃಥಿವಿರಾಜ್ ಫರ್ನಾಂಡೊ ಅವರ ತಂಡ ಸಾಗಿಸಿದ ಸಲಗಗಳಿಗೆ ಕಾಲರ್ ಹಾಕಿ ಹಿಂಬಾಲಿಸಿ 2012ರಲ್ಲಿ ಬರೆದ್ರು. ಕೆಲವು ಹೊರಟ ಜಾಗಕ್ಕೇ ವಾಪಸ್ ನಡೆದವು, ಕೆಲವು ಅಲೆದವು, ಕೆಲವು ಮಾತ್ರ ಹೊಸ ಜಾಗದಲ್ಲಿ ನಿಂತವು. ಸಾಗಿಸಿದ್ದರಿಂದ ಜನ ಆನೆ ಸಂಘರ್ಷ ಇನ್ನಷ್ಟು ಹರಡಿತು, ಆನೆಗಳ ಸಾವೂ ಹೆಚ್ಚಾಯ್ತು ಅನ್ನೋದು ಅವರ ತೀರ್ಮಾನ. ಸಲಗಕ್ಕೆ ಮಾಡಿದ್ದು ಬೇರೆ ಊರಿನ ಕೂಲಿಯವನ ಮೇಲೆ ಬಂತು.

ಹಿರಿಯರು: ಹಾಗಾದ್ರೆ ನಾವೇನು ಮಾಡಬೇಕು? ಸಾಯ್ತಾ ಇರಬೇಕಾ?

ಯುವತಿ: ಸಾಯಬಾರದು. ಅದಕ್ಕೇ ಹೊಣೆ ಹೊರಬಲ್ಲವರ ಹತ್ರ ಹೋಗೋಣ ಅಂತೀನಿ. ಬ್ಯಾಬಿಲೋನಿನ ಹಮ್ಮುರಾಬಿ ದೊರೆ ಸುಮಾರು 3,700 ವರ್ಷದ ಹಿಂದೆ ಕಲ್ಲಿನ ಮೇಲೆ ಕಾನೂನು ಕೆತ್ತಿಸಿದ. ಅದರಲ್ಲಿ ಹೋರಿ ತಿವಿದದ್ದರ ಬಗ್ಗೆ ಕಟ್ಟಳೆಗಳಿವೆ. ಬೀದೀಲಿ ಹೋಗ್ತಾ ಇದ್ದ ಹೋರಿ ಒಬ್ಬನನ್ನ ತಿವಿದು ಕೊಂದ್ರೆ ಮೊಕದ್ದಮೆ ಇಲ್ಲ. ಆದ್ರೆ ಅದು ತಿವಿಯೋ ಹೋರಿ ಅಂತ ಊರಿನವರು ಮೊದಲೇ ತಿಳಿಸಿದ್ದೂ ಒಡೆಯ ಕೊಂಬಿಗೆ ಕಾಪು ಕಟ್ಟದೆ, ಹೋರಿನ ಕಟ್ಟಿ ಹಾಕದೆ ಬಿಟ್ಟಿದ್ರೆ, ಒಡೆಯನೇ ಬೆಳ್ಳಿ ದಂಡ ತೆರಬೇಕು. ಹೋರಿಗೆ ಏನೂ ಇಲ್ಲ. ಗೊತ್ತಿದ್ದೂ ಸುಮ್ಮನಿದ್ದವನಿಗೆ ದಂಡ. ನನಗೆ ಇದಕ್ಕಿಂತ ನೇರವಾದ ಕಟ್ಟಳೆ ಬೇರೆ ಸಿಕ್ಕಿಲ್ಲ.

ಹಿರಿಯರು: ಕಾಡಾನೆಗೆ ಒಡೆಯ ಯಾರು?

ಯುವತಿ: ಗೊತ್ತಿದ್ದೂ ಸುಮ್ಮನಿದ್ದವರು. ಗೊರೂರಲ್ಲಿ ಹೇಮಾವತಿಗೆ ಅಣೆಕಟ್ಟು ಆಗಿ ಊರುಗಳು ಮುಳುಗಿದಾಗ ಅಲ್ಲಿಯವರಿಗೆ ಜಮೀನು ಅಂತ ಈ ಕಡೆಯ ಕಾಡು ಕಡಿದು ಹಂಚಿದ್ರು. ಆನೆ ಓಡಾಡ್ತಿದ್ದ ಜಾಗ ಅಂತ ಗೊತ್ತಿತ್ತು. ಈಚೆಗೆ ಎತ್ತಿನಹೊಳೆ ಕಾಲುವೆ, ಪೈಪು ಅಂತ ಗುಡ್ಡಗಳನ್ನೇ ಸೀಳಿದ್ರು. 2024ರ ಸೆಪ್ಟೆಂಬರಲ್ಲಿ ಮೊದಲ ಹಂತದ ಉದ್ಘಾಟನೆಯೂ ಆಯ್ತು. ಶೋಲೆ ಕಾಡಿನ ಅಂಚು ಸವರಿ ತೋಟ ಹಿಗ್ಗಿಸಿಕೊಂಡವರೂ ಇದ್ದಾರೆ.

ಹಿರಿಯರು: ತಡಿ. ನೀನು ಈಗ ನನ್ನ ಮೇಲೂ ಬಂದೆ. ಮುಳುಗಡೆಯವರು ಬೇಕು ಅಂತ ಬಂದವರಲ್ಲ. ಗದ್ದೆ, ಮನೆ, ದೇವಸ್ಥಾನ ನೀರಲ್ಲಿ ಬಿಟ್ಟು ಬಂದವರು. ಸರ್ಕಾರ ತೋರಿಸಿದ ಜಾಗದಲ್ಲಿ ಕೂತರು. ನಿನ್ನ ಪಟ್ಟಿ ನೋಡು: ಅಣೆಕಟ್ಟು, ಕಾಲುವೆ, ತೋಟ, ಸರ್ಕಾರ, ಎಲ್ಲರೂ. ಎಲ್ಲರ ತಪ್ಪು ಅಂದ್ರೆ ಯಾರ ತಪ್ಪೂ ಅಲ್ಲ ಅಂತಲೇ ಆಯ್ತು. ಐವತ್ತು ವರ್ಷದ ಹಿಂದಿನ ಕಡತದಿಂದ ಒಬ್ಬನನ್ನ ಎಳೆದು ತಂದು ಸತ್ತವಳ ಗಂಡನ ಮುಂದೆ ನಿಲ್ಲಿಸೋಕೆ ಆಗುತ್ತಾ? ಆನೆ ಕಡೆ ಕೈ ತೋರಿಸಿದ್ರೆ ಕೊನೇಪಕ್ಷ ಅದು ಕಣ್ಣಿಗೆ ಕಾಣೋ ಉತ್ತರ.

ಯುವತಿ: ಕಣ್ಣಿಗೆ ಕಾಣುತ್ತೆ ಅನ್ನೋ ಕಾರಣಕ್ಕೆ ಅದು ಸರಿಯಾದ ಉತ್ತರ ಆಗೋದಿಲ್ಲ. ಆದ್ರೂ ನೀವು ಹೇಳಿದ್ದು ನಿಜ. ಎಲ್ಲರ ಹೆಸರೂ ಬರೆದ ಪಟ್ಟಿಯಿಂದ ಯಾರಿಗೂ ನ್ಯಾಯ ಸಿಗೋದಿಲ್ಲ.

ಹಿರಿಯರು: ಇನ್ನೊಂದು ಕೇಳ್ತೀನಿ, ವಕೀಲರಾಗಿ ಹೇಳು. ಎರಡೆಕರೆ ಭತ್ತ ಬೆಳೆಯೋನು. ತೆನೆ ಬಂದಿದೆ, ರಾತ್ರಿ ಹಿಂಡು ಇಳಿಯುತ್ತೆ. ಐಬೆಕ್ಸ್ ಬೇಲಿ ಹಾಕಿಸೋಕೆ ದುಡ್ಡಿಲ್ಲ. ಮನೆ ಕಂಬದಿಂದ ನೇರ ತಂತಿ ಎಳೆದ. ಆನೆ ಸತ್ತಿತು. ಅವನಿಗೆ?

ಯುವತಿ: ಐಬೆಕ್ಸಲ್ಲಿ ಬ್ಯಾಟರಿಯಿಂದ ಕ್ಷಣ ಹೊತ್ತು ಬಡಿದು ನಿಲ್ಲೋ ವಿದ್ಯುತ್ತು, ಆನೆ ಬೆಚ್ಚುತ್ತೆ, ಸಾಯೋದಿಲ್ಲ. ಕಂಬದ್ದು ನಿಲ್ಲದ ವಿದ್ಯುತ್ತು. ಅದು ಆನೆನೂ ಕೊಲ್ಲುತ್ತೆ, ಬೆಳಿಗ್ಗೆ ಹುಲ್ಲಿಗೆ ಬಂದ ಮನುಷ್ಯನನ್ನೂ ಕೊಲ್ಲುತ್ತೆ. ಅವನಿಗೆ ಅದು ಗೊತ್ತಿರುತ್ತೆ. ಮೊದಲ ಅನುಸೂಚಿಯ ಪ್ರಾಣಿ ಕೊಂದ್ರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸಜೆ. ಕನಿಷ್ಠ ದಂಡ 10,000 ಇದ್ದದ್ದು 2022ರ ತಿದ್ದುಪಡಿಯಲ್ಲಿ 25,000 ರೂಪಾಯಿ ಆಯ್ತು.

ಹಿರಿಯರು: ಮೂರು ವರ್ಷಕ್ಕಿಂತ ಕಡಿಮೆ ಕೊಡೋಕೆ ಜಡ್ಜಿಗೂ ಬರೋದಿಲ್ಲ ಅಂತಾಯ್ತು. ದಂತಕ್ಕೆ ಆನೆ ಹೊಡೆಯೋನಿಗೂ ಅದೇ ಕಲಂ, ಅನ್ನ ಉಳಿಸಿಕೊಳ್ಳೋಕೆ ಹೋಗಿ ಕೆಟ್ಟವನಿಗೂ ಅದೇ. ಇದರಲ್ಲಿ ನೀನು ಮೊದಲು ಹೇಳಿದ ತಪ್ಪಿನಷ್ಟೇ ಶಿಕ್ಷೆ ಎಲ್ಲಿದೆ? ಆನೆ ಸತ್ತರೆ ಒಬ್ಬ ರೈತ ಜೈಲಿಗೆ. ಕೂಲಿಯವಳು ಸತ್ತರೆ ಎಲ್ಲಿಗೂ ಯಾರೂ ಇಲ್ಲ.

ಯುವತಿ: ಅಳತೆ ತಪ್ಪಿದೆ ಅಂತ ನಾನೂ ಒಪ್ಪುತೀನಿ. ತಂತಿ ಎಳೆದದ್ದು ಸಣ್ಣ ತಪ್ಪು ಅಂತ ಮಾತ್ರ ಒಪ್ಪೋದಿಲ್ಲ. ಕೂಲಿಯವಳ ಮನೆಗೆ ಪರಿಹಾರ ಅಂತ ಇದೆ, 7.5 ಲಕ್ಷ ಇದ್ದದ್ದನ್ನ 2022ರಲ್ಲಿ 15 ಲಕ್ಷಕ್ಕೆ ಏರಿಸಿದ್ರು.

ಹಿರಿಯರು: ದುಡ್ಡು ಬೇಕು. ಬೇಡ ಅನ್ನೋಕೆ ನಾವು ಯಾರು? ಆದ್ರೆ ದುಡ್ಡು ಕೊಟ್ಟು ಕಡತ ಮುಚ್ಚುತಾರೆ. ಯಾಕೆ ಸತ್ತಳು ಅಂತ ಅದರಲ್ಲಿ ಇರೋದಿಲ್ಲ. ಆನೆ ದಾಳಿ ಅಂತ ಎರಡು ಪದ ಇರುತ್ತೆ.

ಯುವತಿ: ಹಾಗಾದ್ರೆ ಅಲ್ಲಿಂದಲೇ ಕೇಳ್ತೀನಿ. ಅವತ್ತು ಬೆಳಿಗ್ಗೆ ಆನೆ ಆ ತೋಟದಲ್ಲಿದೆ ಅಂತ ಇಲಾಖೆಯ ಸಂದೇಶ ಬಂದಿತ್ತಾ? ಹೆಣ್ಣಾನೆಗಳಿಗೆ ರೇಡಿಯೋ ಕಾಲರ್ ಹಾಕಿದ್ದಾರೆ, ಆನೆ ಕಾವಲಿನ ಹುಡುಗರು ಹಿಂದೆಯೇ ತಿರುಗಿ ಎಲ್ಲಿವೆ ಅಂತ ಫೋನಿಗೆ ಕಳಿಸ್ತಾರೆ.

ಹಿರಿಯರು: ಬಂದಿತ್ತಂತೆ. ತೋಟದ ರೈಟರ ಫೋನಿಗೆ.

ಯುವತಿ: ಕುಯ್ಯೋಕೆ ಹೊರಟವರಿಗೆ?

ಹಿರಿಯರು: ಅವರು ಅಸ್ಸಾಂ ಕಡೆಯವರು. ಕನ್ನಡ ಓದೋಕೆ ಬರೋದಿಲ್ಲ. ಹಣ್ಣು ಉದುರೋ ಕಾಲ, ಒಂದು ದಿನ ನಿಂತರೆ ನಷ್ಟ. ಹೊತ್ತಿಗೆ ಸರಿಯಾಗಿ ಕಳಿಸಿದ್ದಾರೆ.

ಯುವತಿ: ಇಲ್ಲಿ ಒಬ್ಬರಿಗೆ ಗೊತ್ತಿತ್ತು ದೊಡ್ಡಪ್ಪ. ಹೇಳಬೇಕಾದವರಿಗೆ ಹೇಳಲಿಲ್ಲ. ಹಮ್ಮುರಾಬಿಯ ಆ ಕಟ್ಟಳೆಗೆ ಇದಕ್ಕಿಂತ ಹತ್ತಿರದ್ದು ಯಾವುದಿದೆ? ಐವತ್ತು ವರ್ಷದ ಕಡತ ಬೇಕಿಲ್ಲ.

ಹಿರಿಯರು: ರೈಟರ್ ಪಾಪದವನು. ಅವನಿಗೂ ಮೇಲಿಂದ ಒತ್ತಡ. ಅವನೊಬ್ಬನ ತಲೆಗೆ ಕಟ್ಟಿದ್ರೆ ನೀನೂ ನಾನು ಆನೆಗೆ ಮಾಡಿದ್ದನ್ನೇ ಮಾಡಿದ ಹಾಗೆ. ಕೈಗೆ ಸಿಕ್ಕ ಒಬ್ಬನನ್ನ ಹಿಡಿದ ಹಾಗೆ.

ಯುವತಿ: ಅವನೊಬ್ಬನದ್ದೇ ಅಂತ ನಾನು ಹೇಳಲಾರೆ. ಮಾಲೀಕರದ್ದು ಎಷ್ಟು, ಇಲಾಖೆಯದ್ದು ಎಷ್ಟು, ಸಂದೇಶ ಎಷ್ಟು ಗಂಟೆಗೆ ಹೊರಟಿತು, ಆ ದಾರೀಲಿ ಎಚ್ಚರಿಕೆ ದೀಪ ಉರೀತಿತ್ತಾ, ಇದನ್ನೆಲ್ಲ ಯಾರಾದ್ರೂ ಬರೀಬೇಕು. ಬರೆದ ಮೇಲೆ ಯಾರಿಗೆ ಎಷ್ಟು ಅನ್ನೋದು. ಒಂದು ಆನೆನ ಹಿಡಿಯೋಕೆ ಕಾನೂನು ಲಿಖಿತ ಕಾರಣ ಕೇಳುತ್ತೆ. ಒಬ್ಬ ಹೆಂಗಸಿನ ಸಾವಿಗೆ ಆ ಥರದ ಒಂದು ಹಾಳೆಯನ್ನ ಊರಿನ ಮುಂದೆ ಇಡಿ ಅಂತ ಯಾರೂ ಕೇಳೋದಿಲ್ಲ.

ಹಿರಿಯರು: ಅದನ್ನ ಕೇಳೋಣ. ಗ್ರಾಮಸಭೆಯಲ್ಲಿ ಓದಿ ಹೇಳಲಿ, ಅವಳ ಗಂಡನಿಗೂ ಅರ್ಥ ಆಗೋ ಭಾಷೇಲಿ. ಆದ್ರೆ ಆ ಸಲಗನ ಹಿಡಿಯೋ ಅರ್ಜಿಗೂ ನಾನು ಸಹಿ ಹಾಕ್ತೀನಿ. ನೀನು ಅಪಾಯ ಅಂತ ಓದಿಕೊ, ನಾನು ಶಿಕ್ಷೆ ಅಂತಲೇ ಓದಿಕೊಳ್ತೀನಿ.

ಯುವತಿ: ಮೊದಲನೆಯದಕ್ಕೆ ನಾನೇ ಅರ್ಜಿ ಬರೆದು ಕೊಡ್ತೀನಿ. ಎರಡನೆಯದಕ್ಕೆ ಸಹಿ ಹಾಕೋ ಮುಂಚೆ, ಕೊಂದದ್ದು ಅದೇ ಸಲಗನಾ ಅಂತ, ದಂತ, ಕಿವಿ, ಬಾಲ ನೋಡಿ ಗುರುತು ಹಿಡಿಯೋ ಆ ಕಾವಲಿನ ಹುಡುಗರನ್ನ ಒಮ್ಮೆ ಕೇಳಿ.

ಹಿರಿಯರು: ಕೇಳ್ತೀನಿ.

ಮಾತು ಇಲ್ಲಿಗೆ ನಿಲ್ಲುತ್ತದೆ. ಆನೆಗೆ ಶಿಕ್ಷೆ ತಕ್ಕದ್ದೋ ಅಲ್ಲವೋ ಎಂಬಲ್ಲಿ ಇವರಿಬ್ಬರೂ ಒಪ್ಪಲಿಲ್ಲ. ಬೇಗ ಒಪ್ಪುವ ಸಂಗತಿಯೂ ಅದಲ್ಲ. ಇಬ್ಬರೂ ಒಪ್ಪಿದ ಬೇಡಿಕೆ ಒಂದಿದೆ, ಅದಕ್ಕೆ ಹೊಸ ಕಾನೂನು ಬರುವವರೆಗೆ ಕಾಯಬೇಕಿಲ್ಲ. ಸಕಲೇಶಪುರ, ಆಲೂರು, ಬೇಲೂರು ಕಡೆಯ ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಪಂಚಾಯಿತಿಯಲ್ಲಿ ಇಂಥ ಸಾವು ಆದರೆ ಪರಿಹಾರದ ಚೆಕ್ಕಿನ ಜೊತೆಗೆ ಆ ದಿನ ಯಾರಿಗೆ ಏನು ಗೊತ್ತಿತ್ತು, ಯಾರಿಗೆ ಹೇಳಿದರು, ಯಾರಿಗೆ ಹೇಳಲಿಲ್ಲ ಎಂಬ ಬರಹವನ್ನೂ ಕೇಳಿ. ಅದು ಗ್ರಾಮಸಭೆಯ ನಡಾವಳಿ ಪುಸ್ತಕಕ್ಕೆ ಏರುವವರೆಗೂ ಬಿಡಬೇಡಿ.